ಎರಡೂ ತುದಿ ತೆರೆದ ಕಟ್ಟು

ಅವರನ್ನು ಜಿಪುಣಿ ಎಂದು ಕರೆದವರಲ್ಲಿ ನಾನೂ ಒಬ್ಬಳು. ಹೋದ ತಿಂಗಳು ಅವರು ತೀರಿಕೊಂಡಾಗ, ಹಾರ ಹಿಡಿದು ಬಂದ ಕಾರ್ಖಾನೆಯ ಜನ ಅಂಗಳದಲ್ಲಿ ನಿಂತು ಅದೇ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಆಡಿದರು. "ಬಹಳ ಹಿಡಿತದ ಹೆಂಗಸು. ಹುರಿಯ ತುಂಡನ್ನೂ ಬಿಸಾಡ್ತಿರಲಿಲ್ಲ" ಎಂದರು ಒಬ್ಬರು. ಇನ್ನೊಬ್ಬರು ನಕ್ಕು, "ಪುಸ್ತಕ ಕಳಿಸೋಕೆ ಯಾವ ರೇಟು ಕಮ್ಮಿ ಅಂತ ಹುಡುಕೋದ್ರಲ್ಲೇ ಆಯಸ್ಸು ಕಳೆದ್ರು ಪಾಪ" ಎಂದರು. ಅವರ ಹಿಂದೆಯೇ ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ. ಸಾವಿನ ಮನೆಯಲ್ಲಿ ವಾದಿಸಬಾರದೆಂದು ಸುಮ್ಮನಾದೆ. ಈಗ ಸುಮ್ಮನಿರಬೇಕಾದ ಕಾರಣವಿಲ್ಲ.

ನಾವು ಪೀಣ್ಯದ ಕಡೆಗೆ ಮನೆ ಬದಲಿಸಿದ್ದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ನಮ್ಮ ಯಜಮಾನರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಬಾಡಿಗೆ ಮನೆಗಳ ಒಂದು ಸಾಲು, ಅದರ ಹಿಂದೆ ಶೆಡ್ಡುಗಳು, ಎರಡು ಶೆಡ್ಡುಗಳ ನಡುವೆ ಯಾರೋ ಹಟ ಹಿಡಿದು ಮಾರದೆ ಉಳಿಸಿಕೊಂಡಿದ್ದ ರಾಗಿ ಹೊಲ. ಒಣಹಾಕಿದ ಬಟ್ಟೆಯ ಮೇಲೆ ಕಬ್ಬಿಣದ ಸಣ್ಣ ಪುಡಿ ಬಂದು ಕೂರುತ್ತಿತ್ತು. ಬಿಳಿ ಬಟ್ಟೆಯನ್ನು ಒಳಗೇ ಒಣಗಿಸಬೇಕೆಂದು ನನಗೆ ಹೇಳಿಕೊಟ್ಟವರು ಎದುರು ಮನೆಯಲ್ಲಿದ್ದ ಅವರೇ. ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಗುಮಾಸ್ತೆಯಾಗಿದ್ದರು. ಐವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ತುರುಬಿನಲ್ಲಿ ಸದಾ ಒಂದು ಪೆನ್ಸಿಲ್ ಇರುತ್ತಿತ್ತು, ಎರಡೂ ತುದಿ ಕೆತ್ತಿದ್ದು. ಒಂದು ಮೊಂಡಾದರೆ ಇನ್ನೊಂದು ಎಂದು.

ಮೊದಲ ಸಲ ಅವರು ನಮ್ಮ ಮನೆಗೆ ಬಂದ ದಿನ ನಾನು ತಂಗಿಗೊಂದು ಪುಸ್ತಕ ಕಳಿಸುವ ಸಿದ್ಧತೆಯಲ್ಲಿದ್ದೆ. ಕಂದು ಕಾಗದ ಸುತ್ತಿ, ಮೂಲೆಗಳನ್ನು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ತ್ರಿಕೋನವಾಗಿ ಮಡಿಸಿ, ಅಂಚುಗಳಿಗೆಲ್ಲ ಮೈದಾ ಅಂಟು ಬಳಿದು ಒಣಗಲು ಇಟ್ಟಿದ್ದೆ. ಅವರು ಅದನ್ನು ಎತ್ತಿ ತಿರುಗಿಸಿ ನೋಡಿದರು.

"ಎಷ್ಟು ಚೆನ್ನಾಗಿ ಅಂಟ್ಸಿದೀರಿ."

ನಾನು ಒಳಗೊಳಗೇ ಹಿಗ್ಗಿದೆ.

"ಆದ್ರೆ ಈಗಿದು ಕಮ್ಮಿ ದರದ ಬುಕ್‌ಪೋಸ್ಟ್‌ಗೆ ಹೋಗಲ್ಲ ಕಣ್ರೀ. ಮುಚ್ಚಿದ ಕಟ್ಟು ಅಂದ್ರೆ ಅವರ ಕಣ್ಣಿಗೆ ಒಳಗಡೆ ಏನೋ ಬಚ್ಚಿಟ್ಟಿದೀವಿ ಅಂತ. ನಾಲ್ಕು ಪಟ್ಟು ಕೀಳ್ತಾರೆ. ಒಂದು ಬ್ಲೇಡು ಕೊಡಿ."

ಕೊಟ್ಟೆ. ಎರಡು ತುದಿಗಳನ್ನೂ ಕತ್ತರಿಸಿ ಹಾಕಿದರು. ಪುಸ್ತಕ ಕಾಗದದ ಕೊಳವೆಯೊಳಗೆ ಕೂತಂತಾಯಿತು, ಈ ಕಡೆಯಿಂದ ತಳ್ಳಿದರೆ ಆ ಕಡೆ ಹೊರಬರುವ ಹಾಗೆ. ಮೇಲೆ ಹುರಿ ಹಾಕಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಕಟ್ಟಿದರು. "ಯಾರು ಬೇಕಾದ್ರೂ ತೆಗೆದು ನೋಡ್ಲಿ, ವಾಪಸ್ ಕಟ್ಲಿ. ನಮ್ಮ ಹತ್ರ ಮುಚ್ಚಿಡೋಂಥದ್ದು ಏನೂ ಇಲ್ಲ" ಎಂದರು. ನನ್ನ ತ್ರಿಕೋನದ ಮೂಲೆಗಳು ಕಸದಬುಟ್ಟಿ ಸೇರಿದವು. ಅವರು ಹೋದ ಮೇಲೆ ಯಜಮಾನರಿಗೆ ಹೇಳಿದೆ: "ಎದುರು ಮನೆಯವರು ಬಹಳ ಜಿಪುಣಿ ಕಣ್ರೀ." ಅವರು ಪೇಪರಿನಿಂದ ತಲೆ ಎತ್ತದೆ, "ಒಳ್ಳೇದಾಯ್ತು, ಸಹವಾಸ ಮಾಡು" ಎಂದರು.

ಸಹವಾಸ ಬೆಳೆಯಿತು. ಅವರ ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿ ಒಂದೇ. ಉಳಿದದ್ದೆಲ್ಲ ಕನ್ನಡ ಪುಸ್ತಕ. ಕಾದಂಬರಿ, ಪತ್ತೇದಾರಿ, ಹೊಲಿಗೆ, ಮಕ್ಕಳ ಕಾಯಿಲೆಗಳ ಬಗ್ಗೆ ಡಾಕ್ಟರೊಬ್ಬರು ಬರೆದದ್ದು, ಎಲ್ಲ. ಪುಸ್ತಕಗಳಿಗೆ ರಟ್ಟು ಇರಲಿಲ್ಲ. ಹಳೆಯ ಅಂಗಡಿಯಲ್ಲಿ ಕೊಂಡ ಗಟ್ಟಿ ಬೈಂಡಿನ ಪುಸ್ತಕವನ್ನು ಭಾನುವಾರ ಬೆಳಿಗ್ಗೆ ಮಡಿಲಲ್ಲಿಟ್ಟುಕೊಂಡು, ಕೋಳಿಯ ಪುಕ್ಕ ತರಿದಂತೆ ರಟ್ಟು ಕಿತ್ತು, ತೆಳು ಕಾಗದದ ಹೊದಿಕೆ ಹೊಲಿಯುತ್ತಿದ್ದರು. ಪುಸ್ತಕದ ಬೆನ್ನು ಮುರಿಯುವುದೇ ಪಾಪವೆಂದು ಕಲಿತ ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

"ಅಯ್ಯೋ, ಎಷ್ಟು ಒಳ್ಳೆ ಬೈಂಡು."

"ರಟ್ಟು ಯಾರಮ್ಮ ಓದ್ತಾರೆ?" ಎಂದು ಪುಸ್ತಕವನ್ನು ತಕ್ಕಡಿಗೆ ಹಾಕಿದರು. ಅಡುಗೆಮನೆಯ ತಕ್ಕಡಿ ಅದು. ಬೇಳೆಗೆ ಇಡುವ ತೂಕದ ಬಟ್ಟುಗಳ ಜೊತೆಗೆ ಗ್ರಾಮಿನ ಸಣ್ಣ ಬಟ್ಟುಗಳೂ ಇದ್ದವು. ಅಂಚೆಯ ಒಂದು ದರದ ತೂಕ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಗುತ್ತದೆಂಬುದು ಅವರಿಗೆ ಬಾಯಿಪಾಠ. ಮುಳ್ಳು ಒಂದು ಕೂದಲಷ್ಟು ಆಚೆ ವಾಲಿದರೆ ಹುರಿ ಬದಲಿಸುವರು, ಕಾಗದ ಬದಲಿಸುವರು. ಯಂತ್ರದ ಬೇರಿಂಗ್ ಸುತ್ತಿ ಬರುವ ಮೇಣದ ಕಾಗದವನ್ನು ಕಾರ್ಖಾನೆಯಲ್ಲಿ ಕೇಳಿ ತರುತ್ತಿದ್ದರು. ಅದು ಹಗುರ, ನೀರು ಇಳಿಯದು. ಅವರು ಕಳಿಸಿದ ಪುಸ್ತಕಗಳೆಲ್ಲ ಗ್ರೀಸಿನ ವಾಸನೆ ಹೊತ್ತು ಹೋಗುತ್ತಿದ್ದವು.

ಯಾರಿಗೆ ಕಳಿಸುತ್ತಾರೆಂದು ಕೇಳಲು ನನಗೆ ಅರ್ಧ ವರ್ಷ ಬೇಕಾಯಿತು. ಬೇರೆಯವರ ವಿಷಯ ಕೇಳಬಾರದು ಎಂಬುದೂ ಸಿಸ್ಟರುಗಳ ಪಾಠವೇ. ಒಂದು ಸಂಜೆ ಅವರ ಜೊತೆ ಕೂತು ವಿಳಾಸ ಬರೆಯುತ್ತಿದ್ದೆ. ಹೊಸದುರ್ಗ, ಮಧುಗಿರಿ, ತಿಪಟೂರಿನ ಹತ್ತಿರದ ಒಂದು ಹಳ್ಳಿ, ಅರಸೀಕೆರೆ. ಎಲ್ಲವೂ ಹೆಂಗಸರ ಹೆಸರು.

"ಎಲ್ಲ ನಮ್ಮ ವೈಂಡಿಂಗ್ ಹುಡುಗೀರು" ಎಂದರು. ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಹುಡುಗಿಯರನ್ನೇ ತೆಗೆದುಕೊಳ್ಳುತ್ತಿದ್ದರಂತೆ, ಬೆರಳು ಸಣ್ಣವೆಂದು. ಊಟದ ವಿರಾಮದಲ್ಲಿ ಇವರ ಸ್ಟೋರ್ಸ್ ಬಾಗಿಲಿಗೆ ಬಂದು ಪುಸ್ತಕ ಒಯ್ಯುತ್ತಿದ್ದರು. ಆಮೇಲೆ ಮದುವೆ. ಮದುವೆಯಾದರೆ ಕೆಲಸ ಬಿಡಿಸುತ್ತಾರೆ, ಊರು ಬಿಡಿಸುತ್ತಾರೆ. "ಪುಸ್ತಕ ಬಿಡಿಸೋದು ಬೇಡ ಅಂತ ಇದು ಶುರು ಮಾಡಿದೆ. ಒಂದೊಂದು ಪುಸ್ತಕ ಒಬ್ಬೊಬ್ಬಳಿಗೆ ಕಳಿಸ್ತೀನಿ. ಅವಳು ಓದಿ ಮುಂದಿನವಳಿಗೆ. ಹಾಗೇ ಹದಿನಾಲ್ಕು ಮನೆ ಸುತ್ತಿ ವಾಪಸ್ ಇಲ್ಲಿಗೆ."

"ಮುಂದಿನ ಅಂಚೆ ಖರ್ಚೂ ನೀವೇ ಕಳಿಸ್ಬಹುದಲ್ಲ? ಇಷ್ಟು ತೂಗಿ ಅಳೆದು ಯಾಕೆ ಒದ್ದಾಡ್ತೀರಿ?"

ಅವರು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿ ನನ್ನನ್ನೇ ನೋಡಿದರು. "ನೀವು ಯಾರನ್ನೂ ಕೇಳದೆ ಎಷ್ಟು ದುಡ್ಡು ಖರ್ಚು ಮಾಡ್ಬಹುದು? ಯಜಮಾನರನ್ನ ಕೇಳದೆ, ಆಮೇಲೆ ಯಾಕೆ ಅಂತ ಹೇಳದೆ?"

ನಾನು ಯೋಚಿಸಿದೆ. ನಮ್ಮವರು ಒಳ್ಳೆಯವರೇ. ಆದರೂ ಉತ್ತರ ಹೇಳಲು ನಾಚಿಕೆಯಾಗುವಷ್ಟು ಸಣ್ಣ ಮೊತ್ತ ಅದು.

"ಅಷ್ಟರೊಳಗೇ ಪುಸ್ತಕ ಮುಂದಕ್ಕೆ ಹೋಗ್ಬೇಕು. ಸೊಪ್ಪಿನವಳ ಹತ್ರ ಉಳಿದ ಚಿಲ್ಲರೇಲಿ. ನಾನು ಸ್ಟಾಂಪು ಕಳಿಸಿದ್ರೆ ಅದು ನನ್ನ ಪುಸ್ತಕ ಆಗುತ್ತೆ. ಅವರೇ ಹಚ್ಚಿದ್ರೆ ಅವರದು. ಪಾರ್ಸೆಲ್ ರೇಟಾದ್ರೆ ಕೈಯೊಡ್ಡಿ ಕೇಳ್ಬೇಕು. ಕೇಳಿದ್ರೆ ಯಾಕೆ ಅಂತಾರೆ. ಅಲ್ಲಿಗೆ ಮುಗೀತು."

ಆ ಸಂಜೆಯಿಂದ ನಾನು ಅವರನ್ನು ಜಿಪುಣಿ ಎನ್ನಲಿಲ್ಲ. ರಟ್ಟು ಕೀಳಲೂ ಕೂತೆ.

ಅವರ ನಿಯಮ ಒಂದೇ, ಅದು ಅಂಚೆಯ ನಿಯಮವೂ ಹೌದು: ಪುಸ್ತಕದೊಳಗೆ ಪತ್ರ ಇರಬಾರದು. ಒಂದು ಸಾಲೂ ಬೇಡ. ಯಾರಾದರೂ ಇಷ್ಟವಾದ ಸಾಲಿನ ಕೆಳಗೆ ಗೆರೆ ಎಳೆದಿದ್ದರೆ ರಬ್ಬರ್ ಹಿಡಿದು ಅಳಿಸುತ್ತಿದ್ದರು. "ಮಾತಾಡ್ಬೇಕಾದ್ರೆ ಕಾರ್ಡು ಬರೀಲಿ. ಪುಸ್ತಕ ಪುಸ್ತಕವಾಗೇ ಹೋಗ್ಲಿ." ನನಗಿದು ಒರಟೆನಿಸುತ್ತಿತ್ತು. ಒಂದು ಮಾತಿಲ್ಲದೆ ವಸ್ತು ಕಳಿಸುವುದು ಮುಖಕ್ಕೆ ಎಸೆದಂತೆ ಎಂದು ಕಾನ್ವೆಂಟಿನ ಮದರ್ ಹೇಳುತ್ತಿದ್ದರು. ಕೇಕಿನ ತುಂಡು ಕಳಿಸಿದರೂ ಜೊತೆಗೊಂದು ಚೀಟಿ ಇರಬೇಕು.

ಹೊಸದುರ್ಗದ ಹುಡುಗಿಗೆ ಹೆಣ್ಣು ಮಗುವಾಗಿದೆ ಎಂದು ಕಾರ್ಡು ಬಂದಿತ್ತು. ಆ ವಾರ ಅವಳಿಗೆ ಹೋಗಬೇಕಾಗಿದ್ದ ಮಕ್ಕಳ ಕಾಯಿಲೆಯ ಪುಸ್ತಕವನ್ನು ಕಟ್ಟಿದವಳು ನಾನು. ಅವರು ಒಳಗೆ ಒಲೆಯ ಮುಂದಿದ್ದರು. ಬೆರಳಗಲದ ಚೀಟಿಯಲ್ಲಿ ಬರೆದೆ: "ನಿಮ್ಮ ಮಗುವಿಗೆ ನನ್ನ ಆಶೀರ್ವಾದ. ಬಾಣಂತನದಲ್ಲಿ ಚೆನ್ನಾಗಿ ಊಟ ಮಾಡಿ. ಹೆಣ್ಣೆಂದು ಬೇಸರ ಬೇಡ." ನಡುವಿನ ಹಾಳೆಗಳಲ್ಲಿ ಸೇರಿಸಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿದೆ. ಗಂಟು ಚೆನ್ನಾಗಿ ಬಂತೆಂದು ಖುಷಿಯೂ ಪಟ್ಟೆ.

ಯಾವ ಅಂಚೆ ಕಚೇರಿ ಎಂಬುದು ಬೇಡ. ಅಲ್ಲಿಗೆ ಆಗತಾನೆ ಹೊಸ ಪೋಸ್ಟ್‌ಮಾಸ್ಟರ್ ವರ್ಗವಾಗಿ ಬಂದಿದ್ದರು. ಬಿಸಿಲಿನಲ್ಲೂ ಕುತ್ತಿಗೆಗೆ ಮಫ್ಲರ್. ಬುಕ್‌ಪೋಸ್ಟ್ ಕಟ್ಟೊಂದನ್ನು ಬಿಚ್ಚಿ ನೋಡುವ ಅಧಿಕಾರ ಅವರಿಗಿತ್ತು, ನೋಡಿದರು. ಬಿಚ್ಚಿದ್ದು ನನ್ನದನ್ನೇ. ಹೊಸದುರ್ಗಕ್ಕೆ ಕಟ್ಟು ಹೋಯಿತು, ಆದರೆ ಲೆಟರ್ ರೇಟಿನ ಲೆಕ್ಕದಲ್ಲಿ, ಕಡಿಮೆ ಬಿದ್ದದ್ದರ ದುಪ್ಪಟ್ಟನ್ನು ಪಡೆಯುವವರಿಂದ ವಸೂಲಿ ಮಾಡಬೇಕೆಂಬ ಗುರುತಿನೊಂದಿಗೆ. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ದುಡ್ಡು ಕೇಳಿದಾಗ ಹೊರಬಂದದ್ದು ಹುಡುಗಿಯ ಅತ್ತೆ. ಕಟ್ಟು 'ನಿರಾಕರಿಸಲಾಗಿದೆ' ಎಂಬ ಬರಹ ಹೊತ್ತು ವಾಪಸಾಯಿತು. ಹಿಂದೆಯೇ ಆ ಹುಡುಗಿಯ ಕಾರ್ಡು. ಇನ್ನು ಮುಂದೆ ಏನೂ ಕಳಿಸಬೇಡಿ ಅಕ್ಕ, ಮನೆಯಲ್ಲಿ ಮಾತು ಬಂದಿದೆ ಎಂದು.

ಅದೇ ದಿನ ಪೋಸ್ಟ್‌ಮಾಸ್ಟರ್ ಇವರಿಗೆ ಹೇಳಿ ಕಳಿಸಿದರು: ಇನ್ನು ನಿಮ್ಮ ಯಾವ ಕಟ್ಟೂ ಬುಕ್‌ಪೋಸ್ಟಿನಲ್ಲಿ ತಗೊಳ್ಳಲ್ಲ, ಎಲ್ಲ ಪಾರ್ಸೆಲ್.

ಇವರು ವಾಪಸು ಬಂದ ಕಟ್ಟಿನೊಳಗಿದ್ದ ನನ್ನ ಚೀಟಿ ಹಿಡಿದು ನಮ್ಮ ಮನೆಗೆ ಬಂದರು. "ನಿಮ್ಮ ಅಕ್ಷರ ಬಹಳ ಚೆನ್ನಾಗಿದೆ" ಎಂದರು. ಅಷ್ಟೇ ಬೈದದ್ದು.

ನಾನು ಅಳತೊಡಗಿದೆ.

"ಅದೆಲ್ಲ ಆಮೇಲೆ. ಸೋಮವಾರ ಹತ್ತು ಗಂಟೆಗೆ ಪೋಸ್ಟಾಫೀಸಿಗೆ ಬನ್ನಿ. ಇಂಗ್ಲಿಷು ಗಟ್ಟಿಯಾಗಿ ಓದೋರು ಬೇಕು."

ಸೋಮವಾರ ಮನಿಆರ್ಡರ್ ಮಾಡುವವರ ಸಾಲು ಬಾಗಿಲಾಚೆಗೂ ಇತ್ತು. ಕಾರ್ಖಾನೆಗಳಲ್ಲಿ ಸಂಬಳವಾದ ವಾರ. ಇವರು ಅರ್ಧ ದಿನ ರಜೆ ಹಾಕಿ ಬಂದಿದ್ದರು, ತೋಳಿನಲ್ಲಿ ಚೀಲ. ಸಾಲಿನಲ್ಲೇ ನಿಂತು, ಸರದಿ ಬಂದಾಗ ಹೊಸದುರ್ಗ ಬಿಟ್ಟು ಉಳಿದ ಹದಿಮೂರು ಮನೆಗಳ ಕಟ್ಟುಗಳನ್ನು ಕೌಂಟರಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದರು.

"ಹೇಳಿ ಕಳಿಸಿದ್ನಲ್ಲಮ್ಮ" ಎಂದರು ಪೋಸ್ಟ್‌ಮಾಸ್ಟರ್. "ಪಾರ್ಸೆಲ್ ಅಂತ."

"ಬುಕ್‌ಪೋಸ್ಟ್ ಸಾರ್."

"ಒಳಗೆ ಏನೇನು ಬಾಣಂತನದ ಸಮಾಚಾರ ಇದೆಯೋ ಯಾರಿಗೆ ಗೊತ್ತು." ಸಾಲಿನಲ್ಲಿ ಒಂದಿಬ್ಬರು ನಕ್ಕರು. ಪೋಸ್ಟ್‌ಮಾಸ್ಟರ್ ನನ್ನ ಚೀಟಿಯ ಸಾಲುಗಳನ್ನು ಮರೆತಿರಲಿಲ್ಲ. ರಾಗ ಎಳೆದು ಹೇಳಿದರು, "ಹೆಣ್ಣೆಂದು ಬೇಸರ ಬೇಡ."

"ಬಾಯಿಪಾಠ ಆಗಿದೆಯಲ್ಲ, ಸಂತೋಷ" ಎಂದರು ಇವರು. "ಈಗ ಇವನ್ನ ನೋಡಿ." ಮೊದಲ ಕಟ್ಟಿನ ಹುರಿ ಎಳೆದರು, ಪುಸ್ತಕವನ್ನು ತಲೆಕೆಳಗು ಹಿಡಿದು ಒದರಿದರು, ಏನೂ ಬೀಳಲಿಲ್ಲ, ಮತ್ತೆ ಕಟ್ಟಿದರು. ಎರಡನೆಯದು. ಮೂರನೆಯದು. ಗಡಿಬಿಡಿಯೇ ಇಲ್ಲ.

"ಜನ ಕಾಯ್ತಿದಾರೆ ಕಣಮ್ಮ."

"ಕಾಯ್ತೀವಿ ಬಿಡಿ ಸಾ, ನಮ್ಗೇನ್ ಅರ್ಜೆಂಟಿಲ್ಲ" ಎಂದಿತು ಸಾಲಿನಿಂದ ಒಂದು ದನಿ. "ನೀನ್ ಒದ್ರಕ್ಕ."

ಹದಿಮೂರೂ ಮುಗಿಯಿತು. ಪೋಸ್ಟ್‌ಮಾಸ್ಟರ್ ಮುಖ ಬಿಗಿಯಾಗಿತ್ತು. "ನನಗೆ ರೂಲ್ಸ್ ಹೇಳ್ಕೊಡೋಕೆ ಬಂದ್ರಾ?"

"ನಾನ್ಯಾಕೆ ಹೇಳ್ಕೊಡ್ಲಿ. ನಿಮ್ಮ ರೂಲ್ ಬುಕ್ ಇದೆಯಲ್ಲ, ತೆಗೀರಿ. ಕೇಳಿದ್ರೆ ತೋರಿಸ್ತೀವಿ ಅಂತ ಗೋಡೆ ಮೇಲೆ ನೀವೇ ಬರ್ದಿದೀರಿ."

ಚೀಲಕ್ಕೆ ಅರಗು ಹಾಕುತ್ತಿದ್ದ ಮುದುಕ ಪ್ಯಾಕರ್ ಎದ್ದುಬಂದ. ಮಾದನಾಯಕನಹಳ್ಳಿಯವನು, ಈ ಕಚೇರಿ ಗುಡಿಸಲಿನಲ್ಲಿದ್ದಾಗಿನಿಂದ ಇದ್ದವನು. "ಇಲ್ಲೈತೆ ಸಾ" ಎಂದು ಬೀರುವಿನ ಮೇಲಿಂದ ದಪ್ಪ ಪುಸ್ತಕ ಇಳಿಸಿ, ಧೂಳು ಹೊಡೆದು, ಪೋಸ್ಟ್‌ಮಾಸ್ಟರ್ ಬೇಡ ಎನ್ನುವ ಮೊದಲೇ ಕೌಂಟರಿನ ಮೇಲಿಟ್ಟ. "ಈವಮ್ಮ ಅತ್ತು ವರ್ಸದಿಂದ ತತ್ತಾವ್ರೆ. ಇಂಗೆ ಎಂದೂ ಆಗಿಲ್ಲ."

ಇವರು ಪುಟ ತೆಗೆದು ನನ್ನ ಕಡೆ ತಿರುಗಿಸಿದರು. "ಓದಿ."

ಕಾನ್ವೆಂಟಿನ ಪ್ರಾರ್ಥನಾ ಸಭೆಯಲ್ಲಿ ಹಿಂದಿನ ಬೆಂಚಿಗೆ ಕೇಳುವಂತೆ ಓದಬೇಕೆಂದು ನಮಗೆ ತಾಲೀಮು ಕೊಟ್ಟಿದ್ದರು. ಮದುವೆಯಾದ ಮೇಲೆ ಆ ದನಿಗೆ ಕೆಲಸವೇ ಇರಲಿಲ್ಲ. ಅದು ಹೊರಬಂದಾಗ ನನಗೇ ಗಾಬರಿಯಾಯಿತು. ಇಂಗ್ಲಿಷಿನಲ್ಲಿ ಒಮ್ಮೆ ಓದಿದೆ, ಆಮೇಲೆ ಸಾಲಿನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ: ಪತ್ರವಿದ್ದ ಕಟ್ಟಿಗೆ ಹೆಚ್ಚು ದರ ಹಾಕಬಹುದು. ಆ ಕಟ್ಟಿಗೆ. ಅದನ್ನು ಕಳಿಸಿದವರ ಬೇರೆ ಕಟ್ಟುಗಳನ್ನು ನಿಲ್ಲಿಸಬೇಕೆಂದು ಎಲ್ಲೂ ಇಲ್ಲ.

ಪೋಸ್ಟ್‌ಮಾಸ್ಟರ್ ಪುಸ್ತಕ ಮುಚ್ಚಿದರು. "ಸರಿ" ಎಂದರು ಇವರಿಗೆ. "ತಗೋತೀನಿ. ಆದ್ರೆ ನೀವು ಮಾಡಿದ್ದು ಇಲಾಖೆಗೆ ಮೋಸ. ಇನ್ನು ಮುಂದೆ ಮಾಡಲ್ಲ, ಕ್ಷಮಿಸಿ ಅಂತ ಬರ್ದುಕೊಟ್ಟು ಸೈನ್ ಹಾಕಿ."

ಇವರು ಪೆನ್ಸಿಲಿಗೆ ಕೈ ಹಾಕಿದರು. ನನ್ನ ಹೆಸರು ಹೇಳುವುದಿಲ್ಲವೆಂದು ಆಗ ಗೊತ್ತಾಯಿತು.

"ಆ ಚೀಟಿ ನನ್ನದು" ಎಂದೆ.

ಪೋಸ್ಟ್‌ಮಾಸ್ಟರ್ ತಲೆ ಎತ್ತಿದರು. ನನ್ನ ಸೀರೆ, ನನ್ನ ವಾಚು, ಈಗಷ್ಟೇ ಓದಿದ ಇಂಗ್ಲಿಷು, ಎಲ್ಲವನ್ನೂ ಒಂದೇ ನೋಟದಲ್ಲಿ ಕೂಡಿಸಿದಂತೆ ಅವರ ಮುಖ ಸಡಿಲವಾಯಿತು. "ಓ, ನಿಮ್ಮದಾ ಮೇಡಂ? ಗೊತ್ತಿಲ್ದೆ ಆಗಿರುತ್ತೆ. ಹೋಗ್ಲಿ ಬಿಡಿ, ಅದೇನು ದೊಡ್ಡ ವಿಷಯ ಅಲ್ಲ."

ನನ್ನ ಜೀವನದಲ್ಲಿ ಅಷ್ಟು ಸಿಟ್ಟು ಬಂದದ್ದು ನೆನಪಿಲ್ಲ. "ಅವರು ಇಟ್ರೆ ಮೋಸ, ನಾನು ಇಟ್ರೆ ಗೊತ್ತಿಲ್ದೆ ಆದದ್ದಾ?" ಎಂದೆ. ಹಿಂದಿನ ಬೆಂಚಿಗೆ ಕೇಳುವ ದನಿ ಇನ್ನೂ ಒಳಗೆ ಹೋಗಿರಲಿಲ್ಲ. "ಕಾಗದ ಕೊಡಿ. ಅವರಿಂದ ಏನು ಕೇಳಿದ್ರೋ ಅದನ್ನೇ ನನ್ನಿಂದ ಬರೆಸ್ಕೊಳ್ಳಿ. ಮೋಸ ಅನ್ನೋ ಪದಾನೂ ಹಾಕ್ತೀನಿ."

"ಬೇಡ ಮೇಡಂ."

"ಬೇಡ ಅಂದ್ರೆ ಅವರಿಂದಲೂ ಬೇಡ."

ಮಫ್ಲರನ್ನು ಒಮ್ಮೆ ಬಿಚ್ಚಿ ಮತ್ತೆ ಸುತ್ತಿಕೊಂಡು, ಅವರು ಪ್ಯಾಕರಿಗೆ ಹೇಳಿದರು: "ಮುದ್ರೆ ಹಾಕಯ್ಯ." ಹದಿಮೂರು ಸಲ ಮುದ್ರೆ ಬಿತ್ತು. ಆ ಸದ್ದನ್ನು ನಾವಿಬ್ಬರೂ ಪೂರ್ತಿ ಕೇಳಿಸಿಕೊಂಡೇ ಹೊರಬಂದೆವು.

ದಾರಿಯಲ್ಲಿ ಅವರು ರಾಗಿ ಹೊಲ ದಾಟುವಾಗ, "ಇಂಗ್ಲಿಷು ಸ್ವಲ್ಪ ಜಾಸ್ತಿ ಜೋರಾಯ್ತು" ಎಂದರು. ಇನ್ನೂ ಹತ್ತು ಹೆಜ್ಜೆ ನಡೆದು, "ಪರವಾಗಿಲ್ಲ" ಎಂದರು.

ಹೊಸದುರ್ಗಕ್ಕೆ ಮತ್ತೆ ಕಳಿಸಬೇಡಿ ಎಂದು ನಾನು ಬೇಡಿಕೊಂಡೆ, ಅವಳೇ ಬೇಡವೆಂದಿದ್ದಾಳೆಂದು. ಅವರು ಕೇಳಲಿಲ್ಲ. "ಬೇಡ ಅಂತ ಅವಳು ಬರೆದಿಲ್ಲ. ಅವಳ ಕೈಲಿ ಬರೆಸಿದಾರೆ. ಈ ಸಲ ಬಾಗಿಲಲ್ಲಿ ಯಾರೂ ದುಡ್ಡು ಕೇಳಲ್ಲ. ಅವಳಿಗೆ ನಿಜವಾಗ್ಲೂ ಬೇಡ ಅಂದ್ರೆ ಪುಸ್ತಕ ಅಲ್ಲೇ ನಿಂತುಹೋಗುತ್ತೆ, ಆಗ ನೋಡೋಣ." ಕಳಿಸಿದರು. ಒಂದು ತಿಂಗಳು ಸುದ್ದಿಯಿಲ್ಲ. ಎರಡನೆಯ ತಿಂಗಳ ಕೊನೆಗೆ ಅರಸೀಕೆರೆಯವಳ ಕಾರ್ಡು ಬಂತು, ಕಾಯಿಲೆ ಪುಸ್ತಕ ಹೊಸದುರ್ಗದಿಂದ ಬಂದು ಮುಟ್ಟಿದೆ, ಮೂರು ಪುಟಗಳಿಗೆ ಗ್ರೈಪ್ ವಾಟರ್ ಚೆಲ್ಲಿದೆ ಎಂದು. ಅವರು ಆ ಕಾರ್ಡನ್ನು ಎರಡು ಸಲ ಓದಿದರು. ನಂತರ ತಕ್ಕಡಿಗೆ ಇನ್ನೊಂದು ಪುಸ್ತಕ ಹಾಕಿದರು.

ನಿವೃತ್ತಿಯ ನಂತರ ಅವರ ಕಣ್ಣು ಮಂಜಾಯಿತು, ಮುಳ್ಳು ಓದಲು ನಾನೇ ಬೇಕಾಯಿತು. ಆಸ್ಪತ್ರೆಗೆ ಸೇರುವ ಮುಂಚಿನ ದಿನ ವಿಳಾಸಗಳ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು.

ವೈಕುಂಠ ಸಮಾರಾಧನೆಯಾದ ಮರುದಿನ ಅವರ ತಮ್ಮನ ಮಗ ನಮ್ಮ ಮನೆಗೆ ಬಂದ. ಬ್ಯಾಂಕಿನಲ್ಲಿ ಕೆಲಸ, ವಿನಯವಂತ. ಚಪ್ಪಲಿಯನ್ನು ಜೋಡಿಸಿ ಬಿಟ್ಟು ಒಳಗೆ ಬಂದ.

"ಅತ್ತೆ ಪುಸ್ತಕಗಳನ್ನ ನಮ್ಮೂರಿನ ಲೈಬ್ರರಿಗೆ ಕೊಡೋಣ ಅಂತ ಆಂಟಿ. ಅವರ ಹೆಸರು ಬರೆಸಿ ಒಂದು ಗಾಜಿನ ಬೀರು. ಆದ್ರೆ ಒಳ್ಳೊಳ್ಳೆ ಪುಸ್ತಕ ಎಲ್ಲ ಹೊರಗೇ ಇವೆಯಂತೆ, ಯಾರ್ಯಾರ ಮನೇಲೋ. ಅಡ್ರೆಸ್ ಪಟ್ಟಿ ನಿಮ್ಮ ಹತ್ರ ಇದೆ ಅಂದ್ರು. ಕೊಟ್ರೆ ಎಲ್ಲರಿಗೂ ಒಂದೊಂದು ಪತ್ರ ಹಾಕಿ ತರಿಸ್ಕೋತೀನಿ."

ಇಲ್ಲ ಎಂದುಬಿಟ್ಟರೆ ಸುಲಭವಾಗಿತ್ತು. ಸುಳ್ಳು ನನಗೆ ಅಭ್ಯಾಸವಿಲ್ಲ.

"ಪಟ್ಟಿ ಇದೆ" ಎಂದೆ. "ಕೊಡಲ್ಲ."

ಅವನು ತಪ್ಪಾಗಿ ಕೇಳಿಸಿತೇನೋ ಎಂಬಂತೆ ನೋಡಿದ. "ಒಂದು ಮಾತು ಅವರನ್ನೆಲ್ಲ ಕೇಳಿ ನೋಡ್ಬಹುದಲ್ಲ ಆಂಟಿ. ಮನೆಯವರಿಗೇ ಬರೆದ್ರೆ ಕಳಿಸಿಕೊಡ್ತಾರೆ."

"ಕಳಿಸಿಕೊಡ್ತಾರೆ, ಗೊತ್ತು. ಅದಕ್ಕೇ ಕೊಡಲ್ಲ. ಆ ಮನೆಗಳಲ್ಲಿ ಯಾರೂ ಯಾರನ್ನೂ ಕೇಳೋ ಹಾಗಾಗ್ಬಾರ್ದು ಅಂತಾನೇ ನಿಮ್ಮತ್ತೆ ಇಷ್ಟು ವರ್ಷ ಗ್ರಾಂ ಗ್ರಾಂ ತೂಗಿದ್ದು."

"ಆದ್ರೆ ಪುಸ್ತಕ ಅತ್ತೆಯವು ತಾನೆ?"

"ಅಲ್ಲ. ಮುಂದಕ್ಕೆ ಸ್ಟಾಂಪು ಹಚ್ಚಿದವರದು."

ಅವನು ಕಾಫಿ ಮುಗಿಸಿದ. ಲೋಟವನ್ನು ತಟ್ಟೆಯ ಮಧ್ಯಕ್ಕೆ ಸರಿಯಾಗಿ ಇಟ್ಟ. ಪಾಪ, ಕೆಟ್ಟ ಹುಡುಗನಲ್ಲ. ಬಾಗಿಲ ಹತ್ತಿರ ನಿಂತು, "ಬೀರು ಆರ್ಡರ್ ಕೊಟ್ಟಾಗಿದೆ ಆಂಟಿ. ಅಡ್ವಾನ್ಸೂ ಕೊಟ್ಟಿದೀನಿ. ಏನು ಮಾಡ್ಲಿ ಅದನ್ನ?" ಎಂದ.

"ಬಟ್ಟೆ ಇಟ್ಕೊಳ್ಳಿ" ಎಂದೆ.